ಮೆಕ್ಸಿಕನ್ ಒರೆಗಾನೊ: ಅಂಗಡಿಯಿಂದ ಒಗ್ಗರಣೆವರೆಗೆ

ಟೆಕ್ಸಸ್‌ಗೆ ಬಂದ ಮೊದಲ ತಿಂಗಳು. ಊರಿಂದ ಕಟ್ಟಿಕೊಂಡು ಬಂದ ಖಾರದಪುಡಿ ಮುಗಿದಿತ್ತು. ಹತ್ತಿರದ ಅಂಗಡಿಯಲ್ಲಿ ‘ಚಿಲಿ ಪೌಡರ್’ ಅಂತ ಬರೆದ ಡಬ್ಬಿ ಕಂಡಿತು. ಬಣ್ಣವೂ ಚೆನ್ನಾಗಿತ್ತು. ತಂದು ಬೀನ್ಸ್ ಪಲ್ಯಕ್ಕೆ ಎರಡು ಚಮಚ ಹಾಕಿದೆ. ಖಾರವೇ ಇಲ್ಲ! ಸಾಲದ್ದಕ್ಕೆ ಓಮವೋ ದೊಡ್ಡಪತ್ರೆಯೋ ಅನ್ನುವಂಥ ಘಾಟು. ನನ್ನವರು ಒಂದು ತುತ್ತು ತಿಂದು, “ಯಾರಿಗಾದರೂ ಶೀತ ಆಗಿದೆಯಾ? ಪಲ್ಯಕ್ಕೆ ಕಷಾಯ ಸುರಿದಿದ್ದೀಯಲ್ಲ” ಅಂದರು.

ಆಮೇಲೆ ಡಬ್ಬಿ ತಿರುಗಿಸಿ ಓದಿದೆ. ಮೆಣಸಿನಕಾಯಿ, ಜೀರಿಗೆ, ಒರೆಗಾನೊ, ಬೆಳ್ಳುಳ್ಳಿ, ಉಪ್ಪು. ಇಲ್ಲಿ ಚಿಲಿ ಪೌಡರ್ ಅಂದರೆ ಬರೀ ಮೆಣಸಿನಪುಡಿ ಅಲ್ಲ, ‘ಚಿಲಿ’ ಎಂಬ ಮಾಂಸದ ಗೊಜ್ಜಿಗೆ ಹಾಕುವ ಮಸಾಲೆ ಪುಡಿ. ನಮ್ಮ ಸಾರಿನಪುಡಿ ಇದ್ದ ಹಾಗೆ. 1890ರ ದಶಕದಲ್ಲಿ ಇದೇ ಟೆಕ್ಸಸ್‌ನ ನ್ಯೂ ಬ್ರೌನ್‌ಫೆಲ್ಸ್ ಊರಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ಮೂಲದವನು ಇಂಥ ಪುಡಿ ಮಾಡಿ ಮಾರಲು ಶುರುಮಾಡಿದ್ದನಂತೆ. ಪಲ್ಯ ಹೋಯಿತು, ಆದರೆ ಆ ಘಾಟು ಮಾತ್ರ ಮೂಗಲ್ಲೇ ಉಳಿಯಿತು. ಅದರ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಮೆಕ್ಸಿಕನ್ ಒರೆಗಾನೊ. ಈಗ ನನ್ನ ಮಸಾಲೆ ಡಬ್ಬಿಯ ಪಕ್ಕ ಅದಕ್ಕೊಂದು ಕಾಯಂ ಜಾಗ ಇದೆ.

ಮೊದಲು ಗಿಡದ ವಿಷಯ

ಪಿಜ್ಜಾ ಮೇಲೆ ಉದುರಿಸುವ ಒರೆಗಾನೊ ಮೆಡಿಟರೇನಿಯನ್ ಕಡೆಯದು. ಒರಿಗಾನಮ್ ವಲ್ಗೇರ್ ಅದರ ಸಸ್ಯಶಾಸ್ತ್ರೀಯ ಹೆಸರು. ಪುದೀನ, ತುಳಸಿಯ ಕುಟುಂಬ. ಮೆಕ್ಸಿಕನ್ ಒರೆಗಾನೊ ಬೇರೆಯೇ ಗಿಡ. ಹೆಸರು ಲಿಪ್ಪಿಯಾ ಗ್ರಾವಿಯೋಲೆನ್ಸ್. ಗ್ರಾವಿಯೋಲೆನ್ಸ್ ಅಂದರೆ ಲ್ಯಾಟಿನ್‌ನಲ್ಲಿ ‘ಜೋರು ವಾಸನೆಯದು’ ಅಂತ. ಇದರ ಕುಟುಂಬ ವರ್ಬಿನೇಸಿ. ನಮ್ಮ ಬಂಡೀಪುರದ ಕಾಡನ್ನೆಲ್ಲ ಆವರಿಸಿರುವ ಲಂಟಾನ ಇದೆಯಲ್ಲ, ಅದೂ ಇದೇ ಕುಟುಂಬದ್ದು, ಅದೂ ಅಮೆರಿಕ ಖಂಡದಿಂದಲೇ ಬಂದದ್ದು. ಹಾಗಂತ ಲಂಟಾನ ಎಲೆ ಕಿತ್ತು ಅಡುಗೆಗೆ ಹಾಕೀರಿ ಜೋಕೆ, ಅದು ವಿಷ!

1519ರಲ್ಲಿ ಮೆಕ್ಸಿಕೊಗೆ ಬಂದಿಳಿದ ಸ್ಪೇನಿನವರಿಗೆ ಈ ಎಲೆಯ ವಾಸನೆ ತಮ್ಮೂರಿನ ಒರೆಗಾನೊದಂತೆ ಕಂಡಿರಬೇಕು. ಅದೇ ಹೆಸರು ಇದಕ್ಕೂ ಅಂಟಿಕೊಂಡಿತು. ಎರಡಕ್ಕೂ ಹತ್ತಿರದ ನೆಂಟಸ್ತನ ಇಲ್ಲದಿದ್ದರೂ ವಾಸನೆ ಹೋಲುವುದಕ್ಕೆ ಕಾರಣ ಇದೆ. ಎರಡರಲ್ಲೂ ಕಾರ್ವಕ್ರಾಲ್, ಥೈಮಾಲ್ ಎಂಬ ಎಣ್ಣೆಯ ಅಂಶಗಳಿವೆ. ನಮ್ಮ ಓಮದ ಘಾಟಿಗೆ ಕಾರಣವೂ ಥೈಮಾಲೇ. ದೊಡ್ಡಪತ್ರೆಯಲ್ಲೂ ಇವೇ ಇವೆ. ಬೀನ್ಸ್ ಪಲ್ಯ ಕಷಾಯದಂತೆ ಇತ್ತು ಅಂದ ನನ್ನವರ ಮೂಗು ಸುಳ್ಳು ಹೇಳಿರಲಿಲ್ಲ ನೋಡಿ.

ರುಚಿಯಲ್ಲಿ ವ್ಯತ್ಯಾಸ ಹೀಗಿದೆ. ಪಿಜ್ಜಾ ಒರೆಗಾನೊದಲ್ಲಿ ಸ್ವಲ್ಪ ಸಿಹಿ, ಸ್ವಲ್ಪ ಪುದೀನದ ತಂಪು ಇರುತ್ತದೆ. ಮೆಕ್ಸಿಕನ್ ಎಲೆಯಲ್ಲಿ ಆ ತಂಪು ಇಲ್ಲ. ಅದರ ಬದಲು ನಿಂಬೆ ಸಿಪ್ಪೆಯಂಥ ಹುಳಿವಾಸನೆ, ಕಾಳುಮೆಣಸಿನಂಥ ಚುರುಕು, ಹಿಂದೆ ಎಲ್ಲೋ ಜೇಷ್ಠಮಧುವಿನ ನೆರಳು. ಮೆಣಸಿನಕಾಯಿ, ಜೀರಿಗೆ, ಟೊಮೇಟೊ, ನಿಂಬೆಹುಳಿ ಇವುಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಕ್ರೀಂ, ಚೀಸ್, ಪಾಸ್ತಾ ಜೊತೆ ಹಾಕಿದರೆ ಜಗಳವಾಡುತ್ತದೆ. ನಾನು ಒಮ್ಮೆ ಪಾಸ್ತಾಗೆ ಹಾಕಿ ನೋಡಿದ್ದೇನೆ, ಇನ್ನೊಮ್ಮೆ ಹಾಕುವುದಿಲ್ಲ.

ಹೆಸರಿನ ಗೊಂದಲ ಬಿಡಿಸಿಕೊಳ್ಳಿ

ಕೊಳ್ಳುವವರು ಎಡವುವುದು ಇಲ್ಲೇ. ದೊಡ್ಡಪತ್ರೆಗೆ, ಅಂದರೆ ನಾವು ತಂಬುಳಿ ಮಾಡುವ ಸಾಂಬಾರ ಸೊಪ್ಪಿಗೆ, ಇಂಗ್ಲಿಷಿನಲ್ಲಿ ‘ಕ್ಯೂಬನ್ ಒರೆಗಾನೊ’, ‘ಮೆಕ್ಸಿಕನ್ ಮಿಂಟ್’ ಅಂತೆಲ್ಲ ಹೆಸರಿವೆ. ಪೋರ್ಟೊ ರಿಕೊದಲ್ಲಿ ಅದನ್ನು ‘ಒರೇಗನೊ ಬ್ರೂಹೊ’ ಅನ್ನುತ್ತಾರೆ, ಮಾಟಗಾರ ಒರೆಗಾನೊ ಅಂತ ಅರ್ಥ! ನರ್ಸರಿಯಲ್ಲೋ ಆನ್‌ಲೈನ್‌ನಲ್ಲೋ ‘ಮೆಕ್ಸಿಕನ್’ ಅನ್ನೋ ಪದ ನೋಡಿ ದುಡ್ಡು ಕೊಟ್ಟು, ಮನೆಗೆ ಬಂದ ಮೇಲೆ ಕುಂಡದಲ್ಲಿ ಅಜ್ಜಿ ಮನೆಯ ದೊಡ್ಡಪತ್ರೆ ಕಂಡರೆ ಹೇಗಿರುತ್ತದೆ ಹೇಳಿ. ಎಲೆ ದಪ್ಪಗೆ, ರಸಭರಿತವಾಗಿ, ತುಪ್ಪಳ ಇದ್ದರೆ ಅದು ದೊಡ್ಡಪತ್ರೆ. ಮೆಕ್ಸಿಕನ್ ಒರೆಗಾನೊ ಎಲೆ ತೆಳ್ಳಗೆ, ಒರಟಾಗಿ, ಸುಕ್ಕುಸುಕ್ಕಾಗಿ ಇರುತ್ತದೆ. ಗಿಡವೂ ಕಟ್ಟಿಗೆ ಕಾಂಡದ ಪೊದೆ, ಆಳೆತ್ತರಕ್ಕೆ ಬೆಳೆಯುತ್ತದೆ.

ಇನ್ನೊಂದು ಗೊಂದಲ ಇಲ್ಲೇ ಟೆಕ್ಸಸ್‌ನ ತೋಟಗಳಲ್ಲಿದೆ. ಉದ್ದನೆಯ ನೇರಳೆ ಹೂ ಬಿಡುವ ಪೋಲಿಯೋಮಿಂತಾ ಎಂಬ ಗಿಡವನ್ನೂ ಮೆಕ್ಸಿಕನ್ ಒರೆಗಾನೊ ಅಂತಲೇ ಮಾರುತ್ತಾರೆ. ಅದನ್ನೂ ಅಡುಗೆಗೆ ಬಳಸಬಹುದು, ತಪ್ಪೇನಿಲ್ಲ. ಆದರೆ ಒಣ ಎಲೆಯಾಗಿ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಲಿಪ್ಪಿಯಾ. ನಾನು ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ.

ಅಂಗಡಿಯಲ್ಲಿ

ಅಮೆರಿಕದಲ್ಲಿರುವವರು ನೇರ ಮೆಕ್ಸಿಕನ್ ಅಂಗಡಿಗೆ ಹೋಗಿ. ಊರಲ್ಲಿ ಅಂಥ ಅಂಗಡಿ ಇಲ್ಲದಿದ್ದರೆ ದೊಡ್ಡ ಸೂಪರ್‌ಮಾರ್ಕೆಟ್‌ನಲ್ಲಿ ಮೆಕ್ಸಿಕನ್ ಸಾಮಾನಿನ ಸಾಲು ಇರುತ್ತದೆ. ಅಲ್ಲಿ ಕೊಕ್ಕೆಗೆ ನೇತುಹಾಕಿದ ಪ್ಲಾಸ್ಟಿಕ್ ಪೊಟ್ಟಣ ನೋಡಿ. ಒಣಮೆಣಸಿನಕಾಯಿ, ಚಕ್ಕೆ, ದಾಸವಾಳದ ಒಣ ಹೂಗಳ ಪಕ್ಕದಲ್ಲೇ ಇರುತ್ತದೆ. ಗಾಜಿನ ಬಾಟಲಿಗಳ ಮಸಾಲೆ ಸಾಲಿಗೆ ಹೋದರೆ ದುಡ್ಡು ಜಾಸ್ತಿ, ಎಲೆ ಕಮ್ಮಿ. ಮೆಕ್ಸಿಕನ್ ಅಂಗಡಿಯಲ್ಲಿ ಸುಮ್ನೆ ‘ಒರೇಗನೊ’ ಅಂತ ಕೇಳಿದರೂ ಸಾಕು. ‘ರೇ’ ಮೇಲೆ ಒತ್ತು ಕೊಟ್ಟು ಹೇಳಿ, ತಕ್ಷಣ ಅರ್ಥವಾಗುತ್ತದೆ.

ಪೊಟ್ಟಣ ಕೈಗೆ ಬಂದ ಮೇಲೆ ನೋಡಬೇಕಾದ್ದು ಹೀಗೆ.

ಮೊದಲು, ಯಾವ ದೇಶದ್ದು ಅಂತ ಓದಿ. ತುರ್ಕಿ ಅಥವಾ ಗ್ರೀಸ್ ಅಂತ ಇದ್ದರೆ ಅದು ಪಿಜ್ಜಾ ಒರೆಗಾನೊ. ಮೆಕ್ಸಿಕೊ ಅಂತ ಇದ್ದರೆ ಬಹುಪಾಲು ನಿಮಗೆ ಬೇಕಾದದ್ದೇ. ಬರೀ ‘ಒರೆಗಾನೊ’ ಅಂತ ಇದ್ದು ದೇಶದ ಹೆಸರೇ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ. ಲಿಪ್ಪಿಯಾ ಅಂತ ಗಿಡದ ಹೆಸರೇ ಬರೆದಿದ್ದರೆ ಇನ್ನು ಅನುಮಾನವೇ ಬೇಡ.

ಎರಡನೆಯದು, ಸ್ಪ್ಯಾನಿಷ್‌ನಲ್ಲಿ ‘ಎಂತೇರೊ’ ಅಂದರೆ ಇಡಿ ಎಲೆ, ‘ಮೊಲೀದೊ’ ಅಂದರೆ ಪುಡಿ. ಪುಡಿ ಮುಟ್ಟಬೇಡಿ. ಈ ಎಲೆಯ ಜೀವ ಇರುವುದೆಲ್ಲ ಎಣ್ಣೆಯಲ್ಲಿ. ಪುಡಿ ಮಾಡಿದ ದಿನದಿಂದ ಅದು ಗಾಳಿಗೆ ಹೋಗುತ್ತಾ ಇರುತ್ತದೆ. ಅಂಗಡಿಯ ಧನಿಯಾಪುಡಿಗೂ ಮನೆಯಲ್ಲಿ ಆಗಷ್ಟೇ ಹುರಿದು ಕುಟ್ಟಿದ ಧನಿಯಾಗೂ ಇರುವ ವ್ಯತ್ಯಾಸ ಗೊತ್ತಲ್ವಾ? ಇಲ್ಲಿ ಅದರ ಎರಡರಷ್ಟು.

ಮೂರನೆಯದು, ಬಣ್ಣ. ಬೂದು ಬೆರೆತ ಹಸಿರು ಇರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಹಳೆಯದು ಅಥವಾ ಬಿಸಿಲಲ್ಲಿ ಬಿದ್ದಿದ್ದದ್ದು. ಎಲೆ ದೊಡ್ಡ ಚೂರುಗಳಾಗಿರಲಿ. ನಡುವೆ ಸಣ್ಣ ಒಣ ಹೂಗೊಂಚಲು ಇದ್ದರೆ ಒಳ್ಳೆಯದೇ, ಅದರಲ್ಲೂ ಘಮ ಇದೆ. ಆದರೆ ಪೊಟ್ಟಣದಲ್ಲಿ ಅರ್ಧಕ್ಕರ್ಧ ಕಡ್ಡಿ ಇದ್ದರೆ ತೂಕಕ್ಕೆ ದುಡ್ಡು ಕೊಟ್ಟ ಹಾಗೆ ಆಗುತ್ತದೆ.

ಸಣ್ಣ ಪೊಟ್ಟಣ ಸಾಕು. ಎಲೆ ತುಂಬಾ ಹಗುರ, ಒಂದು ಟೀ ಚಮಚಕ್ಕೆ ಸುಮಾರು 1 ಗ್ರಾಂ. ಅಂದರೆ 1 ಔನ್ಸ್, ಅಂದರೆ 28 ಗ್ರಾಂ ಪೊಟ್ಟಣದಲ್ಲಿ ಹೆಚ್ಚುಕಮ್ಮಿ 28 ಚಮಚ. ವಾರಕ್ಕೆ ಒಂದು ಸಲ ಬಳಸಿದರೂ ಆರು ತಿಂಗಳು ಬರುತ್ತದೆ. ಅಗ್ಗ ಅಂತ ಅರ್ಧ ಕಿಲೋ ಚೀಲ ತಂದು ನಾನು ಒಂದು ಸಲ ಊರವರಿಗೆಲ್ಲ ಹಂಚಿದ್ದೇನೆ.

ಇಂಡಿಯಾದಲ್ಲಿರುವವರಿಗೆ ಇದು ಸುಲಭಕ್ಕೆ ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಒರೆಗಾನೊ ಮೆಡಿಟರೇನಿಯನ್ ಜಾತಿಯದು. ಪಿಜ್ಜಾ ಜೊತೆ ಬರುವ ‘ಸೀಸನಿಂಗ್’ ಪೊಟ್ಟಣದಲ್ಲಂತೂ ಉಪ್ಪು, ಮೆಣಸು ಎಲ್ಲ ಬೆರೆತಿರುತ್ತದೆ, ಅದನ್ನು ಅಳತೆಗೆ ನಂಬಬೇಡಿ. ಆನ್‌ಲೈನ್‌ನಲ್ಲಿ ಆಮದು ಪೊಟ್ಟಣ ಸಿಕ್ಕರೆ ಮೇಲೆ ಹೇಳಿದ ಮೂರೂ ಪರೀಕ್ಷೆ ಮಾಡಿ ಕೊಳ್ಳಿ. ಅಮೆರಿಕದಿಂದ ಬರುವ ನೆಂಟರಿಗೆ ಹೇಳಿ ತರಿಸಬಹುದು, ಆದರೆ ಸೀಲ್ ಒಡೆಯದ ಒಣ ಎಲೆ ಪೊಟ್ಟಣ ಮಾತ್ರ. ಬೀಜ, ಗಿಡ, ಕಡ್ಡಿ ತರಲು ಹೋಗಬೇಡಿ. ಅದಕ್ಕೆ 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ ಬೇಕು.

ಮನೆಗೆ ತಂದ ಮೇಲೆ

ತಟ್ಟೆಗೆ ಸುರಿದು ಅಕ್ಕಿ ಆರಿಸಿದ ಹಾಗೆ ಒಮ್ಮೆ ಆರಿಸಿ. ಇದರಲ್ಲಿ ಬಹಳಷ್ಟು ಇನ್ನೂ ಮೆಕ್ಸಿಕೊದ ಒಣ ಗುಡ್ಡಗಳಲ್ಲಿ ತಾನಾಗಿ ಬೆಳೆದ ಪೊದೆಗಳಿಂದ ಕೊಯ್ದದ್ದು. ಚಿವಾವಾ, ದುರಾಂಗೊದಂಥ ಉತ್ತರದ ರಾಜ್ಯಗಳಲ್ಲಿ ಮಳೆ ಬಿದ್ದು ಚಿಗುರಿದ ಮೇಲೆ ಹಳ್ಳಿ ಜನ ಹೋಗಿ ಕೊಯ್ದು, ಒಣಗಿಸಿ, ಬಡಿದು ಎಲೆ ಬಿಡಿಸುತ್ತಾರೆ. ಹಾಗಾಗಿ ಒಂದೊಂದು ಮರಳಿನ ಹರಳು, ಕಡ್ಡಿ ಬರುವುದು ಸಹಜ. ಕಡ್ಡಿ ಎಸೆಯಬೇಡಿ, ಬೇರೆ ಇಡಿ. ಅದಕ್ಕೆ ಕೆಲಸ ಇದೆ.

ಗಾಳಿಯಾಡದ ಗಾಜಿನ ಬಾಟಲಿಗೆ ಹಾಕಿ, ಮುಚ್ಚಿದ ಕಪಾಟಿನಲ್ಲಿಡಿ. ಒಲೆಯ ಮೇಲಿನ ಶೆಲ್ಫ್ ಬೇಡ, ಬಿಸಿ ಮತ್ತು ಆವಿ ಎರಡೂ ಇದಕ್ಕೆ ಆಗುವುದಿಲ್ಲ. ಒಂದು ವರ್ಷ ಚೆನ್ನಾಗಿರುತ್ತದೆ. ಮಂಗಳೂರು, ಹೂಸ್ಟನ್‌ನಂಥ ಬೆವರೂರುಗಳಲ್ಲಿ ಇರುವವರು ಫ್ರೀಜರ್‌ನಲ್ಲಿಟ್ಟರೆ ಇನ್ನೂ ಒಳ್ಳೆಯದು. ಹಳೆಯದಾಗಿದೆಯಾ ಅಂತ ನೋಡಲು ನಾಲ್ಕು ಎಲೆ ಅಂಗೈಯಲ್ಲಿ ಉಜ್ಜಿ. ಮೂಗು ಚುರುಕ್ ಅನ್ನಬೇಕು. ಹುಲ್ಲಿನ ವಾಸನೆ ಬಂದರೆ ಗೊಬ್ಬರದ ಬುಟ್ಟಿಗೆ.

ಉಜ್ಜುವುದು, ಹುರಿಯುವುದು, ಹಾಕುವ ಹೊತ್ತು

ನಾನು ಇದನ್ನು ಬಳಸಲು ಕಲಿತದ್ದು ಪುಸ್ತಕದಿಂದಲ್ಲ, ಪಕ್ಕದ ಮನೆಯ ಅಜ್ಜಿಯಿಂದ. ಮೆಕ್ಸಿಕೊದ ಹಾಲಿಸ್ಕೊ ರಾಜ್ಯದ ಕಡೆಯವರು. ನನ್ನನ್ನು ‘ಮಿಹಾ’ ಅಂತಾರೆ, ‘ನನ್ನ ಮಗಳೇ’ ಅಂತ ಅರ್ಥ. ಒಂದು ದಿನ ಅವರ ಮನೆಯಲ್ಲಿ ಬಟ್ಟಲಿನ ಮೇಲೆ ಎರಡು ಅಂಗೈ ಇಟ್ಟು ಎಲೆ ತಿಕ್ಕಿ ಉದುರಿಸುವುದನ್ನು ನೋಡಿದೆ. ಅರೆ, ಕಸೂರಿ ಮೇಥಿ! ಅದೇ ಕೈಚಳಕ. ಕಸೂರಿ ಮೇಥಿ ಗೊತ್ತಿದ್ದವರಿಗೆ ಇದರಲ್ಲಿ ಹೊಸದಾಗಿ ಕಲಿಯುವುದು ಕಮ್ಮಿ.

ಉಜ್ಜುವುದು ಯಾವಾಗ ಅನ್ನುವುದು ಮುಖ್ಯ. ಹಾಕುವ ಕ್ಷಣದಲ್ಲೇ ಉಜ್ಜಬೇಕು, ಮುಂಚೆ ಉಜ್ಜಿ ಬಟ್ಟಲಲ್ಲಿ ಇಡಬಾರದು. ಅಜ್ಜಿ ಉಜ್ಜಿದ ಮೇಲೆ ಕೈ ಮೂಸಿ ನೋಡುತ್ತಾರೆ. ಸಾಲದು ಅನ್ನಿಸಿದರೆ ಇನ್ನೊಂದು ಚಿಟಿಕೆ.

ಹುರಿಯುವುದು ಎಲ್ಲ ಅಡುಗೆಗೂ ಬೇಡ. ಮೆಕ್ಸಿಕೊದ ಯುಕಾತಾನ್ ಕಡೆ ಹುರಿದು ಬಳಸುವ ರೂಢಿ ಇದೆ, ಆಗ ಚುರುಕು ತಗ್ಗಿ ಒಂದು ದುಂಡನೆಯ ಘಮ ಬರುತ್ತದೆ. ಕಾವಲಿ ಸಣ್ಣ ಉರಿಯಲ್ಲಿ ಕಾಯಲಿ. ಎಲೆ ಹರಡಿ, ಕೈಯಾಡಿಸುತ್ತಾ 20ರಿಂದ 30 ಸೆಕೆಂಡ್. ಘಮ ಎದ್ದ ಕೂಡಲೇ ತಟ್ಟೆಗೆ ಸುರಿಯಿರಿ. ಕಾವಲಿಯಲ್ಲೇ ಬಿಟ್ಟು ಒಲೆ ಆರಿಸಿದರೆ ಆ ಬಿಸಿಗೇ ಸೀದುಹೋಗುತ್ತದೆ. ಸೀದ ಎಲೆ ಕಹಿ, ಇಡೀ ಪಾತ್ರೆ ಕೆಡಿಸುತ್ತದೆ.

ಇನ್ನು ಹಾಕುವ ಹೊತ್ತು. ಒಣ ಎಲೆಯಾದ್ದರಿಂದ ಕೊತ್ತಂಬರಿ ಸೊಪ್ಪಿನ ಹಾಗೆ ಕೊನೆಗೆ ಮಾತ್ರ ಅಂತಿಲ್ಲ, ತುಂಬಾ ಹೊತ್ತು ಕುದಿದರೂ ತಡೆಯುತ್ತದೆ. ನಾನು ಎರಡು ಕಂತು ಮಾಡುತ್ತೇನೆ. ಮುಕ್ಕಾಲು ಪಾಲು ಮಸಾಲೆ ಹುರಿಯುವಾಗ ಎಣ್ಣೆಗೆ, ಕಾಲು ಪಾಲು ಇಳಿಸುವಾಗ. ಮೊದಲಿನದು ಸಾರಿಗೆ ಇಳಿಯುತ್ತದೆ, ಕೊನೆಯದು ಮೂಗಿಗೆ. ಎಣ್ಣೆ ಹೊಗೆಯಾಡುವಷ್ಟು ಕಾದಿದ್ದಾಗ ಮಾತ್ರ ಹಾಕಬೇಡಿ. ನಿಪ್ಪಟ್ಟಿಗೆ ಓಮದ ಬದಲು ಇದನ್ನು ಹಾಕಿ ಕರಿದಿದ್ದೆ. ಎಲೆಯೆಲ್ಲ ಕಪ್ಪಾಗಿ, ನಿಪ್ಪಟ್ಟು ಕಹಿಯಾಗಿ, ಅಳಿಲೂ ತಿನ್ನಲಿಲ್ಲ.

ಅಳತೆ: ನಾಲ್ಕು ಜನರ ಅಡುಗೆಗೆ ಒಂದು ಟೀ ಚಮಚ ಒಣ ಎಲೆಯಿಂದ ಶುರುಮಾಡಿ. ಎರಡು ದಾಟಿದರೆ ಔಷಧಿ ವಾಸನೆ. ಮೆಕ್ಸಿಕೊದಲ್ಲಿ ಕೆಮ್ಮಿಗೆ ಇದರ ಕಷಾಯ ಮಾಡಿ ಕುಡಿಯುವ ರೂಢಿಯೂ ಇದೆ, ನಾವು ದೊಡ್ಡಪತ್ರೆ ರಸ ಕುಡಿದ ಹಾಗೆ.

ಮೊದಲ ಅಡುಗೆ: ಸುಟ್ಟ ಟೊಮೇಟೊ ಸಾಲ್ಸಾ

ಹೊಸಬರು ಇದರಿಂದ ಶುರುಮಾಡಿ. ಹತ್ತು ನಿಮಿಷದ ಕೆಲಸ, ಎಲೆಯ ರುಚಿ ಬಿಡಿಯಾಗಿ ಗೊತ್ತಾಗುತ್ತದೆ.

ಹಣ್ಣಾದ ಟೊಮೇಟೊ 4, ಸಿಪ್ಪೆ ಬಿಡಿಸದ ಬೆಳ್ಳುಳ್ಳಿ 3 ಎಸಳು, ಒಣಮೆಣಸಿನಕಾಯಿ 4. ಇಲ್ಲಿ ‘ಚಿಲೆ ದೆ ಆರ್ಬೊಲ್’ ಬಳಸುತ್ತಾರೆ, ಖಾರದ ಗುಂಟೂರು ಮೆಣಸಿನಕಾಯಿಯೂ ನಡೆಯುತ್ತದೆ. ಟೊಮೇಟೊ ಮತ್ತು ಬೆಳ್ಳುಳ್ಳಿಯನ್ನು ಒಣ ಕಾವಲಿಯ ಮೇಲಿಟ್ಟು ತಿರುಗಿಸುತ್ತಾ ಕಪ್ಪು ಚುಕ್ಕೆ ಬರುವವರೆಗೆ ಸುಡಿ. ಮೆಣಸಿನಕಾಯಿ ಕೊನೆಯಲ್ಲಿ, ಹತ್ತು ಸೆಕೆಂಡ್ ಸಾಕು. ಬೆಳ್ಳುಳ್ಳಿ ಸಿಪ್ಪೆ ತೆಗೆದು, ಮೊದಲು ಮೆಣಸಿನಕಾಯಿ, ಬೆಳ್ಳುಳ್ಳಿ, ಅರ್ಧ ಚಮಚ ಉಪ್ಪು ರುಬ್ಬಿ. ಆಮೇಲೆ ಟೊಮೇಟೊ ಹಾಕಿ ತರಿತರಿಯಾಗಿ ತಿರುಗಿಸಿ. ನುಣ್ಣಗೆ ಮಾಡಬೇಡಿ. ಒರಳುಕಲ್ಲು ಇದ್ದವರು ಪುಣ್ಯವಂತರು, ಮೆಕ್ಸಿಕೊದವರೂ ‘ಮೊಲ್ಕಹೇತೆ’ ಎಂಬ ಕಲ್ಲಿನ ಒರಳಲ್ಲೇ ಅರೆಯುತ್ತಾರೆ. ಕೊನೆಗೆ ಅರ್ಧ ಚಮಚ ಒರೆಗಾನೊ ಅಂಗೈಯಲ್ಲಿ ಉಜ್ಜಿ ಉದುರಿಸಿ, ಅರ್ಧ ಹೋಳು ನಿಂಬೆ ಹಿಂಡಿ. ಹದಿನೈದು ನಿಮಿಷ ಬಿಟ್ಟು ತಿನ್ನಿ. ನಮ್ಮ ಮನೆಯಲ್ಲಿ ಇದು ಅಕ್ಕಿರೊಟ್ಟಿಯ ಜೊತೆ ಖಾಲಿಯಾಗುತ್ತದೆ.

ಕಾಳಿನ ಪಾತ್ರೆ

ಪಿಂಟೊ ಬೀನ್ಸ್ 250 ಗ್ರಾಂ ರಾತ್ರಿ ನೆನೆಸಿ. ಚಿತ್ರಾ ರಾಜ್ಮಾ ಇದರ ಅಣ್ಣತಮ್ಮನಂತಿದೆ, ಅದೂ ಆಗುತ್ತದೆ. ಬೆಳಿಗ್ಗೆ ನೀರು ಬಸಿದು, ಹೊಸ ನೀರಲ್ಲಿ ಅರ್ಧ ಈರುಳ್ಳಿ, 2 ಎಸಳು ಬೆಳ್ಳುಳ್ಳಿ, ಆಗ ಎತ್ತಿಟ್ಟ ಒರೆಗಾನೊ ಕಡ್ಡಿಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ, ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿ. ಕಾಳು ಬೆರಳಲ್ಲಿ ಒತ್ತಿದರೆ ಬೆಣ್ಣೆಯಾಗಬೇಕು. ಗಂಟು ತೆಗೆದು ಉಪ್ಪು ಹಾಕಿ.

ಈಗ ಒಗ್ಗರಣೆ. ಎರಡು ದೊಡ್ಡ ಚಮಚ ಎಣ್ಣೆಗೆ ಸಣ್ಣಗೆ ಹೆಚ್ಚಿದ ಈರುಳ್ಳಿ 1, ಹಸಿಮೆಣಸಿನಕಾಯಿ 2 ಹಾಕಿ ಕೆಂಪಗೆ ಹುರಿಯಿರಿ. ಅರ್ಧ ಚಮಚ ಜೀರಿಗೆಪುಡಿ, ಒಂದು ಟೊಮೇಟೊ. ಟೊಮೇಟೊ ಕರಗಿ ಎಣ್ಣೆ ಬಿಟ್ಟಾಗ ಉರಿ ಸಣ್ಣ ಮಾಡಿ, ಮುಕ್ಕಾಲು ಚಮಚ ಒರೆಗಾನೊ ಉಜ್ಜಿ ಹಾಕಿ, ಹತ್ತು ಸೆಕೆಂಡ್ ಬಿಟ್ಟು ಕಾಳಿನ ಪಾತ್ರೆಗೆ ಸುರಿಯಿರಿ. ಒಂದು ಸೌಟು ಕಾಳು ಮಸೆದು ಸೇರಿಸಿದರೆ ಗಟ್ಟಿಯಾಗುತ್ತದೆ. ಮೆಕ್ಸಿಕೊದಲ್ಲಿ ಎಣ್ಣೆಯ ಜಾಗದಲ್ಲಿ ಹೆಚ್ಚಾಗಿ ಹಂದಿಯ ಕೊಬ್ಬು ಹಾಕುತ್ತಾರೆ. ಕಪ್ಪು ಬೀನ್ಸ್ ಆದರೆ ‘ಎಪಸೋತೆ’ ಅನ್ನುವ ಬೇರೆ ಸೊಪ್ಪು ಹಾಕುವವರೇ ಜಾಸ್ತಿ, ಅದರ ಕತೆ ಬೇರೆ.

ಪೊಸೋಲೆ

ಈ ಎಲೆಯ ನಿಜವಾದ ಮನೆ ಇದು. ಪೊಸೋಲೆ ಅಂದರೆ ಸುಣ್ಣದ ನೀರಲ್ಲಿ ಬೇಯಿಸಿ ಸಿಪ್ಪೆ ಬಿಡಿಸಿದ ದಪ್ಪ ಮೆಕ್ಕೆಜೋಳದ ಸಾರು. ಸುಣ್ಣ ಅಂದಾಗ ಗಾಬರಿ ಬೇಡ, ವೀಳ್ಯದೆಲೆಗೆ ಹಚ್ಚಿ ತಿನ್ನುವವರು ನಾವು. ಆ ಕಾಳು ಡಬ್ಬಿಯಲ್ಲಿ ‘ಹೊಮಿನಿ’ ಹೆಸರಿನಲ್ಲಿ ಸಿಗುತ್ತದೆ. ಹಾಲಿಸ್ಕೊದಲ್ಲಿ ಕೆಂಪು ಪೊಸೋಲೆ, ಗೆರೆರೊ ರಾಜ್ಯದಲ್ಲಿ ಹಸಿರು. ಗೆರೆರೊದಲ್ಲಿ ಗುರುವಾರ ಅಂದರೆ ಪೊಸೋಲೆ ದಿನ, ಹೋಟೆಲುಗಳಲ್ಲಿ ಅವತ್ತು ಅದಕ್ಕೇ ಜನ. ಮೂಲದಲ್ಲಿ ಹಂದಿಮಾಂಸ ಅಥವಾ ಕೋಳಿಯದು. ಮಾಂಸ ತಿನ್ನದವರಿಗೆ ಅಣಬೆ ಹಾಕಿ ಮಾಡುತ್ತೇನೆ. ಅಜ್ಜಿ ಮೊದಲು ಮುಖ ಸಿಂಡರಿಸಿದರು, ಆಮೇಲೆ ಎರಡು ಬಟ್ಟಲು ತಿಂದರು.

ಕೆಂಪು ಪೊಸೋಲೆ ನಾಲ್ಕು ಜನಕ್ಕೆ: ದೊಡ್ಡ ಡಬ್ಬಿ ಹೊಮಿನಿ 1 (800 ಗ್ರಾಂ ಆಸುಪಾಸು), ಅಣಬೆ 400 ಗ್ರಾಂ ಅಥವಾ ಎಲುಬಿರುವ ಕೋಳಿ ಮುಕ್ಕಾಲು ಕಿಲೋ, ‘ಗ್ವಾಹಿಯೊ’ ಒಣಮೆಣಸಿನಕಾಯಿ 6, ‘ಆಂಚೊ’ ಒಣಮೆಣಸಿನಕಾಯಿ 2, ಬೆಳ್ಳುಳ್ಳಿ 4 ಎಸಳು, ಈರುಳ್ಳಿ 1, ಒರೆಗಾನೊ ಒಂದು ಚಮಚ ಮತ್ತು ಮೇಲೆ ಉದುರಿಸಲು ಬೇರೆ, ಉಪ್ಪು. ಗ್ವಾಹಿಯೊ ಸಿಗದಿದ್ದರೆ 10 ಬ್ಯಾಡಗಿ. ಕೆಂಪು ಬಣ್ಣ, ಕಮ್ಮಿ ಖಾರ, ಎರಡೂ ಹೊಂದುತ್ತವೆ. ನಾನು ಎರಡೂ ಮಾಡಿ ನೋಡಿದ್ದೇನೆ. ಬ್ಯಾಡಗಿಯದು ಬಣ್ಣದಲ್ಲಿ ಒಂದು ಕೈ ಮೇಲೆ.

ಮೆಣಸಿನಕಾಯಿಯ ತೊಟ್ಟು, ಬೀಜ ತೆಗೆದು ಕಾವಲಿಯಲ್ಲಿ ಒಂದೆರಡು ಸಲ ಒತ್ತಿ ಬಿಸಿ ಮಾಡಿ. ಬಿಸಿನೀರಲ್ಲಿ 20 ನಿಮಿಷ ನೆನೆಸಿ. ಬೆಳ್ಳುಳ್ಳಿ, ಅರ್ಧ ಈರುಳ್ಳಿ, ಮುಕ್ಕಾಲು ಚಮಚ ಒರೆಗಾನೊ ಸೇರಿಸಿ ನುಣ್ಣಗೆ ರುಬ್ಬಿ. ಸಿಪ್ಪೆ ಉಳಿಯುತ್ತದೆ, ಸೋಸಿ. ಸೋಸದೆ ಬಿಟ್ಟರೆ ಗಂಟಲಿಗೆ ಅಂಟುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಈ ರುಬ್ಬಿದ್ದನ್ನು ಸುರಿದು ಐದಾರು ನಿಮಿಷ ಕೈಯಾಡಿಸಿ. ಸಿಡಿಯುತ್ತದೆ, ಮುಚ್ಚಳ ಕೈಯಲ್ಲಿರಲಿ. ಬಣ್ಣ ಗಾಢವಾಗಿ ಹಸಿವಾಸನೆ ಹೋದ ಮೇಲೆ ಆರು ಲೋಟ ನೀರು, ಉಪ್ಪು, ತೊಳೆದ ಹೊಮಿನಿ. ಕೋಳಿಯಾದರೆ ಈಗಲೇ ಹಾಕಿ, ಸಣ್ಣ ಉರಿಯಲ್ಲಿ 40 ನಿಮಿಷ ಪೂರ್ತಿ ಬೇಯಿಸಿ, ಎಲುಬು ಬಿಡಿಸಿ ಎಳೆ ಮಾಡಿ. ಅಣಬೆಯಾದರೆ ಬೇರೆ ಬಾಣಲೆಯಲ್ಲಿ ಕೆಂಪಗೆ ಹುರಿದು ಹಾಕಿ, ಅರ್ಧ ಗಂಟೆ ಕುದಿಸಿ. ಇಳಿಸುವಾಗ ಉಳಿದ ಒರೆಗಾನೊ.

ಪೊಸೋಲೆಯ ಸೊಗಸೆಲ್ಲ ಮೇಜಿನ ಮೇಲೆ. ಎಳೆಯಾಗಿ ಹೆಚ್ಚಿದ ಎಲೆಕೋಸು, ಮೂಲಂಗಿ ಬಿಲ್ಲೆ, ಹಸಿ ಈರುಳ್ಳಿ, ನಿಂಬೆ ಹೋಳು, ಮೆಣಸಿನಪುಡಿ, ಒಂದು ಬಟ್ಟಲಲ್ಲಿ ಒರೆಗಾನೊ ಎಲೆ. ಅವರವರು ತಮ್ಮ ಬಟ್ಟಲ ಮೇಲೆ ತಾವೇ ಉಜ್ಜಿಕೊಳ್ಳಬೇಕು. ಬಿಸಿ ಸಾರಿನ ಹಬೆಗೆ ಆ ಹಸಿ ಘಮ ಎದ್ದು ಬರುತ್ತದೆ. ಅಡುಗೆಯವರು ಒಲೆ ಮೇಲೆಯೇ ಎಲ್ಲ ಹಾಕಿಬಿಟ್ಟರೆ ಈ ಸುಖ ತಪ್ಪುತ್ತದೆ.

ವಿನೆಗರ್ ಮೆಣಸಿನಕಾಯಿ

ಮೆಕ್ಸಿಕನ್ ಹೋಟೆಲಿನಲ್ಲಿ ಕ್ಯಾರೆಟ್ ಬಿಲ್ಲೆಯ ಜೊತೆ ಕೊಡುವ ಹುಳಿ ಮೆಣಸಿನಕಾಯಿ, ‘ಎಸ್ಕಾಬೇಚೆ’. ಕಾಲು ಲೋಟ ಎಣ್ಣೆಯಲ್ಲಿ ಬೆಳ್ಳುಳ್ಳಿ 6 ಎಸಳು, ಈರುಳ್ಳಿ 1, ಕ್ಯಾರೆಟ್ 2, ಸೀಳಿದ ಹಾಲಪೆನ್ಯೊ ಮೆಣಸಿನಕಾಯಿ 250 ಗ್ರಾಂ ಐದು ನಿಮಿಷ ಬಾಡಿಸಿ. ಒಂದೂವರೆ ಲೋಟ ವಿನೆಗರ್ (5 ಶೇಕಡಾ ಹುಳಿಯದು), ಒಂದು ಲೋಟ ನೀರು, ಒಂದು ದೊಡ್ಡ ಚಮಚ ಉಪ್ಪು, ಒಂದು ಚಮಚ ಒರೆಗಾನೊ, ಬೇ ಎಲೆ 2, ಕಾಳುಮೆಣಸು 8. ಒಂದು ಕುದಿ ಬಂದ ಮೇಲೆ ಹತ್ತು ನಿಮಿಷ. ಇಲ್ಲಿ ಎಲೆ ಉಜ್ಜುವುದು ಬೇಡ, ಇಡಿಯಾಗಿ ಹಾಕಿದರೆ ನೀರು ಕದಡುವುದಿಲ್ಲ. ನಮ್ಮ ಉಪ್ಪಿನಕಾಯಿ ಹಾಗೆ ಹೊರಗಿಟ್ಟು ವರ್ಷ ಕಾಯುವ ಸರಕಲ್ಲ ಇದು. ಫ್ರಿಜ್‌ನಲ್ಲೇ ಇರಬೇಕು, ಮೂರು ವಾರದಲ್ಲಿ ಮುಗಿಸಿ. ವಿನೆಗರ್ ಕಮ್ಮಿ ಮಾಡಬೇಡಿ.

ಸಿಗದಿದ್ದರೆ

ಇಂಗ್ಲಿಷ್ ಅಡುಗೆ ಪುಸ್ತಕಗಳು ಮಾರ್ಜೋರಂ ಹಾಕಿ ಅನ್ನುತ್ತವೆ. ಮಾರ್ಜೋರಂ ಅಂದರೆ ಏನು ಅಂದುಕೊಂಡಿರಿ? ನಮ್ಮ ಮರುಗ! ಕನಕಾಂಬರದ ಜೊತೆ ಕಟ್ಟಿ ಮುಡಿಯುವ ಮರುಗ. ಅದನ್ನು ಅಡುಗೆಗೆ ಹಾಕಬಹುದು ಅಂತ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, “ತಲೆಗೆ ಇಡೋದನ್ನ ಸಾರಿಗೆ ಹಾಕ್ತೀಯೇನೇ” ಅಂದರು. ಹೂವಿನ ಮಾರುಕಟ್ಟೆಯ ಮರುಗಕ್ಕೆ ಏನು ಸಿಂಪಡಿಸಿರುತ್ತಾರೋ, ಅದು ಬೇಡ. ಕುಂಡದಲ್ಲಿ ಬೆಳೆದುಕೊಳ್ಳಿ, ನೆರಳಲ್ಲಿ ಒಣಗಿಸಿ, ಒಂದಕ್ಕೆ ಒಂದು ಅಳತೆಯಲ್ಲಿ ಹಾಕಿ. ಘಾಟು ಕಮ್ಮಿ, ಸಿಹಿ ಜಾಸ್ತಿ.

ನನಗೆ ಹಿಡಿಸಿದ ಬದಲಿ ಬೇರೆ: ಮುಕ್ಕಾಲು ಚಮಚ ಸಾದಾ ಒರೆಗಾನೊ, ಒಂದು ಸಣ್ಣ ಚಿಟಿಕೆ ಹುರಿದು ಕುಟ್ಟಿದ ಓಮ, ನಿಂಬೆ ಸಿಪ್ಪೆಯ ಹಸಿರು ಭಾಗ ಒಂದೆರಡು ಸಲ ತುರಿದದ್ದು. ಇದು ಕಾಳಿಗೆ, ಪೊಸೋಲೆಗೆ ಸಾಕಷ್ಟು ಹತ್ತಿರ ಬರುತ್ತದೆ. ಓಮ ಹೆಚ್ಚಾದರೆ ಎಲ್ಲ ಬೋಂಡದ ವಾಸನೆ. ಹಸಿ ದೊಡ್ಡಪತ್ರೆ ಹಾಕುವುದಾದರೆ ಒಂದೇ ಎಲೆ, ಸಣ್ಣಗೆ ಹೆಚ್ಚಿ, ಕಾಳಿನ ಒಗ್ಗರಣೆಗೆ ಮಾತ್ರ. ಸಾಲ್ಸಾಗೆ ಹೊಂದುವುದಿಲ್ಲ.

ಕೊನೆಗೆ ಆ ಚಿಲಿ ಪೌಡರ್

ಡಬ್ಬಿಯದನ್ನು ಈಗ ಕೊಳ್ಳುವುದಿಲ್ಲ, ಮನೆಯಲ್ಲೇ ಮಾಡುತ್ತೇನೆ. ಬ್ಯಾಡಗಿ 8, ಖಾರ ಬೇಕಾದರೆ ಗುಂಟೂರು 2, ಬೀಜ ತೆಗೆದು ಬೆಚ್ಚಗೆ ಹುರಿದು ಆರಿಸಿ. ಜೀರಿಗೆ ಎರಡು ಚಮಚ ಬೇರೆ ಹುರಿಯಿರಿ. ಒರೆಗಾನೊ ಒಂದೂವರೆ ಚಮಚ ಬಿಸಿ ಕಾವಲಿಯಲ್ಲಿ ಹತ್ತು ಸೆಕೆಂಡ್. ಎಲ್ಲ ಸೇರಿಸಿ ಪುಡಿ ಮಾಡಿ, ಒಂದು ಚಮಚ ಬೆಳ್ಳುಳ್ಳಿ ಪುಡಿ ಬೆರೆಸಿ. ಉಪ್ಪು ಬೇಡ. ತಿಂಗಳಿಗಾಗುವಷ್ಟು ಮಾತ್ರ ಮಾಡಿ. ರಾಜ್ಮಾಗೆ, ಸುಟ್ಟ ಮುಸುಕಿನ ಜೋಳದ ತೆನೆಗೆ ನಿಂಬೆ ಉಜ್ಜಿ ಮೇಲೆ ಸವರಲು, ಹುರಿದ ಸಿಹಿಗೆಣಸಿಗೆ ಚೆನ್ನಾಗಿರುತ್ತದೆ. ಬಾಟಲಿಯ ಮೇಲೆ ಚೀಟಿ ಅಂಟಿಸಿ, ಖಾರದಪುಡಿಯಿಂದ ದೂರ ಇಡಿ. ನಮ್ಮ ಮನೆಯ ಬಾಟಲಿ ಮೇಲೆ ನನ್ನವರ ಕೈಬರಹದಲ್ಲಿ ದೊಡ್ಡದಾಗಿ ಬರೆದಿದೆ: ‘ಬೀನ್ಸ್ ಪಲ್ಯಕ್ಕೆ ಅಲ್ಲ.’